ಮೂವತ್ತಕ್ಕೆ ಹದಿಮೂರು

ಪ್ರತಿ ವರ್ಷ ಬೇಸಿಗೆ ಹತ್ತಿರವಾಗುತ್ತಿದ್ದಂತೆ ಮನಶ್ಶಾಸ್ತ್ರ ಓದುವ ಹುಡುಗ ಹುಡುಗಿಯರು ಇಂಟರ್ನ್‌ಶಿಪ್ ಎಲ್ಲಿ ಮಾಡಲಿ ಎಂದು ಕೇಳಿಕೊಂಡು ಬರುತ್ತಾರೆ. ಮಕ್ಕಳ ಜೊತೆ ಕೆಲಸ ಬೇಕು ಎನ್ನುವವರೇ ಹೆಚ್ಚು. ಅಪರಾಧಿಗಳ ಮನಸ್ಸು, ಆಟಗಾರರ ಮನಸ್ಸು, ಕಂಪನಿಗಳ ಎಚ್.ಆರ್. ವಿಭಾಗ ಆಮೇಲಿನವು. ವಯಸ್ಸಾದವರ ಜೊತೆ ಕೆಲಸ ಮಾಡುತ್ತೇನೆ ಎಂದು ತಾವಾಗಿ ಬಾಯಿಬಿಟ್ಟು ಕೇಳಿದವರು ತೀರ ಅಪರೂಪ. ನಾನಾಗಿ ಆ ಮಾತು ತೆಗೆದರೆ ಮುಖದ ಮೇಲೆ ಒಂದು ಸಣ್ಣ ನಿರಾಸೆ ಹಾದುಹೋಗುತ್ತದೆ. ಅವರು ಅದನ್ನು ಮರೆಮಾಚಲು ನೋಡುತ್ತಾರೆ, ನನಗೆ ಕಾಣುತ್ತದೆ. ಆ ವಯಸ್ಸಿನಲ್ಲಿ ನನ್ನ ಮುಖದ ಮೇಲೂ ಅದೇ ಇತ್ತು. ಅದಕ್ಕೆ ಬೆಲೆ ತೆತ್ತವಳು ನಾನಲ್ಲ, ರಾಮನಗರದ ಕಡೆಯ ಒಬ್ಬ ಹಿರಿಯ ಹೆಂಗಸು. ಇಷ್ಟು ವರ್ಷ ಇದನ್ನು ಬರೆಯಲು ಕೈ ಬಂದಿರಲಿಲ್ಲ.

ಎಂ.ಎಸ್ಸಿ.ಯಲ್ಲಿ ನಮಗೆ ಬೆಳವಣಿಗೆಯ ಮನಶ್ಶಾಸ್ತ್ರ ಒಂದು ಪತ್ರಿಕೆಯಾಗಿತ್ತು. ಗರ್ಭದಲ್ಲಿ ಶುರುವಾಗಿ ಮುಪ್ಪಿನಲ್ಲಿ ಮುಗಿಯುವ ದಪ್ಪ ಪುಸ್ತಕ. ಶೈಶವ, ಬಾಲ್ಯ, ಹದಿಹರೆಯಕ್ಕೇ ಸೆಮಿಸ್ಟರ್ ಸರಿಹೋಗಿ, ಮುಪ್ಪಿನ ಅಧ್ಯಾಯವನ್ನು ಕೊನೆಯ ವಾರದ ಗಡಿಬಿಡಿಯಲ್ಲಿ ಟಿಪ್ಪಣಿ ಬರೆಸಿ ಮುಗಿಸಿದರು. ಎರಿಕ್ ಎರಿಕ್‌ಸನ್ ಹೇಳಿದ ಎಂಟನೆಯ ಹಂತದ ಬಗ್ಗೆ, ಬಾಳಿದ ಬಾಳನ್ನು ಒಪ್ಪಿಕೊಳ್ಳುವುದೋ ಹತಾಶರಾಗುವುದೋ ಎಂಬ ತೊಳಲಾಟದ ಬಗ್ಗೆ, ಐದು ಅಂಕದ ಪ್ರಶ್ನೆಗೆ ಸಾಕಾಗುವಷ್ಟು ಗೊತ್ತಿತ್ತು. ಎರಿಕ್‌ಸನ್ನರ ಹೆಂಡತಿ ಜೋನ್, ಗಂಡನ ಕೆಲಸದಲ್ಲಿ ಉದ್ದಕ್ಕೂ ಜೊತೆಯಾಗಿದ್ದವರು, ತಾವೇ ತೊಂಬತ್ತು ದಾಟಿದ ಮೇಲೆ ಈ ಎಂಟು ಹಂತ ಸಾಲದು ಎಂದು ಕಂಡುಕೊಂಡರು. ತೀರ ಇಳಿವಯಸ್ಸಿಗೆ ಅವರು ಸೇರಿಸಿದ ಒಂಬತ್ತನೆಯ ಹಂತ 1997ರಲ್ಲಿ ಪುಸ್ತಕದಲ್ಲಿ ಬಂತು. ಇದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ನನಗೆ ಬೇಕಿದ್ದದ್ದು ಮಕ್ಕಳ ಮಾರ್ಗದರ್ಶನ ಕೇಂದ್ರ. ಅಲ್ಲಿ ಜಾಗ ಸಿಗಲಿಲ್ಲ. ಪದವಿಗೆ ಇಷ್ಟು ಗಂಟೆ ಕೆಲಸ ಮಾಡಿದ ಪ್ರಮಾಣಪತ್ರ ಬೇಕೇ ಬೇಕಿತ್ತು. ಬೆಂಗಳೂರಿನ ಹೊರವಲಯದ ಒಂದು ವೃದ್ಧಾಶ್ರಮದವರು ಬನ್ನಿ ಎಂದರು, ಹೋದೆ. ಅಲ್ಲಿ ಮನಶ್ಶಾಸ್ತ್ರ ಬಲ್ಲವರು ಯಾರೂ ಇರಲಿಲ್ಲ. ಕಾಲೇಜಿನಲ್ಲಿ ನನಗೆ ಗೊತ್ತುಮಾಡಿದ್ದ ಗೈಡ್ ಕೊನೆಯಲ್ಲಿ ವರದಿಗೆ ಸಹಿ ಹಾಕುವುದಕ್ಕೆ ಮಾತ್ರ. ಆಶ್ರಮದ ಮೇಲ್ವಿಚಾರಕರು ಮೊದಲ ದಿನವೇ "ಸೈಕಾಲಜಿ ಮೇಡಂ ಬಂದಿದ್ದಾರೆ" ಎಂದು ಎಲ್ಲರಿಗೂ ಪರಿಚಯ ಮಾಡಿಸಿದರು. ಓದು ಮುಗಿಯದ ಹುಡುಗಿ ನಾನು. ಆ ಮಾತನ್ನು ತಿದ್ದಬೇಕಿತ್ತು, ತಿದ್ದಲಿಲ್ಲ. ಅದು ಹಿತವಾಗಿತ್ತು.

ಆ ಅಜ್ಜಿಗೆ ಎಪ್ಪತ್ತರ ಮೇಲೆ ವಯಸ್ಸು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ರೇಷ್ಮೆ ಹುಳು ಸಾಕಿಕೊಂಡೇ ಬದುಕು ಕಳೆದವರು. ಮಗ ಕರೆತಂದು ಬಿಟ್ಟು ಹೋಗಿದ್ದ. ಮೂಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದರು. ಕರೆದರೆ ತಿರುಗುವುದಿಲ್ಲ, ತಟ್ಟೆಯಲ್ಲಿ ಹಾಕಿದ ಮುದ್ದೆ ಅರ್ಧ ಹಾಗೇ ಉಳಿಯುತ್ತದೆ, ಕೇಳಿದ್ದಕ್ಕೆ ಇನ್ನೇನೋ ಹೇಳುತ್ತಾರೆ. "ಇವರಿಗೆ ಮರೆವು ಶುರುವಾಗಿದೆ ಅನ್ಸುತ್ತೆ, ಸ್ವಲ್ಪ ಟೆಸ್ಟ್ ಮಾಡಿ ನೋಡಿ ಮೇಡಂ" ಎಂದರು ಮೇಲ್ವಿಚಾರಕರು. ನನ್ನ ಚೀಲದಲ್ಲಿ ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್ನಿನ ಜೆರಾಕ್ಸ್ ಪ್ರತಿ ಇತ್ತು. ಫೋಲ್‌ಸ್ಟೀನ್ ದಂಪತಿ ಮತ್ತು ಮ್ಯಾಕ್‌ಹ್ಯೂ 1975ರಲ್ಲಿ ರೂಪಿಸಿದ, ಒಟ್ಟು ಮೂವತ್ತು ಅಂಕದ ಪರೀಕ್ಷೆ. ಇಪ್ಪತ್ತಮೂರು ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುಮಾನಿಸಬೇಕು ಎಂದು ನಾವು ಬಾಯಿಪಾಠ ಮಾಡಿದ್ದೆವು. ಪ್ರಶ್ನೆಗಳನ್ನು ನಾನೇ ಕನ್ನಡ ಮಾಡಿಕೊಂಡು ಶುರು ಮಾಡಿದೆ.

"ಇವತ್ತು ಎಷ್ಟನೇ ತಾರೀಕು ಅಜ್ಜಿ?"

"ತಾರೀಕು ಕಟ್ಕೊಂಡು ನಂಗೇನಾಗ್ಬೇಕವ್ವಾ. ಅಮಾಸೆ ಆಗಿ ಮೂರು ದಿನ ಆಯ್ತು."

ಸೊನ್ನೆ ಹಾಕಿದೆ.

ನೂರರಲ್ಲಿ ಏಳು ಕಳೆದರೆ ಎಷ್ಟು ಎಂದು ಗಟ್ಟಿಯಾಗಿ ಕೇಳಿದೆ. ಇನ್ನೂ ಗಟ್ಟಿಯಾಗಿ ಕೇಳಿದೆ. ಸುಮ್ಮನೆ ನೋಡಿದರು. ಒಂದು ವಾಕ್ಯ ಬರೆಯಿರಿ, ಈ ಚಿತ್ರ ನೋಡಿ ಹೀಗೇ ಬಿಡಿಸಿ ಎಂದು ಪೆನ್ಸಿಲ್ ಕೈಗೆ ಕೊಟ್ಟೆ. "ಇದೆಲ್ಲಾ ನಮ್ಗೆ ಬರಾಕಿಲ್ಲ ಮಗ" ಎಂದು ಪೆನ್ಸಿಲನ್ನು ಮಂಚದ ಮೇಲೆ ಇಟ್ಟರು. ನಡುವೆ ಹುಳದ ಮಾತು ತೆಗೆದರು. ಹುಳು ಪೊರೆ ಬಿಡುವ ನಾಲ್ಕನೇ ಜ್ವರ ಎದ್ದ ಮೇಲೆ ಹೊತ್ತು ಹೊತ್ತಿಗೆ ಸೊಪ್ಪು ಹಾಕದಿದ್ದರೆ ಗೂಡು ಹಗುರಾಗುತ್ತದೆ, ಈಗ ಮನೆಯಲ್ಲಿ ಅದನ್ನು ನೋಡುವವರು ಯಾರು ಎಂದರು. ನಾನು ಷರಾ ಬರೆಯುವ ಜಾಗದಲ್ಲಿ "ಅಸಂಬದ್ಧ ಮಾತು, ಹಳೆಯದನ್ನೇ ಹೇಳುತ್ತಾರೆ" ಎಂದು ಬರೆದೆ. ಕೊನೆಗೆ ಕೂಡಿದಾಗ ಹದಿಮೂರು. ಅದರ ಕೆಳಗೆ "ಡಿಮೆನ್ಷಿಯಾ ಇರುವ ಸಂಭವ" ಎಂದು ಬರೆದು ನನ್ನ ಹೆಸರು ಹಾಕಿದೆ. ಯಾರ ಮೇಲೂ ಸಿಟ್ಟಿರಲಿಲ್ಲ, ಕೆಟ್ಟ ಉದ್ದೇಶವೂ ಇರಲಿಲ್ಲ. ಒಂದು ಕೇಸ್ ಮುಗಿಯಿತು ಎಂಬ ಸಮಾಧಾನ ಮಾತ್ರ ಇತ್ತು.

ಆ ಹಾಳೆ ಫೈಲಿಗೆ ಹೋಯಿತು. ಸಂಭವ ಎಂಬ ಮಾತು ದಾರಿಯಲ್ಲೇ ಉದುರಿತು. ಅಜ್ಜಿಯನ್ನು ಹಿಂದಿನ ಕಟ್ಟಡಕ್ಕೆ, ನೆನಪಿಲ್ಲದವರನ್ನು ಇಡುವ ಕಡೆಗೆ, ಸಾಗಿಸಿದರು. ಅಲ್ಲಿ ಗೇಟಿಗೆ ಬೀಗ. ಸೊಂಟದ ಎಲೆಅಡಿಕೆ ಚೀಲವನ್ನೂ ಅದರಲ್ಲಿದ್ದ ನಾಲ್ಕು ಕಾಸನ್ನೂ ಕಳೆದುಕೊಳ್ಳುತ್ತಾರೆಂದು ಆಫೀಸಿನಲ್ಲಿ ಇಟ್ಟುಕೊಂಡರು. ಮಗನಿಗೆ ಫೋನಿನಲ್ಲಿ ತಿಳಿಸಿದರು. ಊರಿನ ಹಿಪ್ಪುನೇರಳೆ ತೋಟವನ್ನು ಗುತ್ತಿಗೆಗೆ ಕೊಡುವಾಗ ಆತ ತಾಯಿಯನ್ನು ಒಂದು ಮಾತು ಕೇಳಲಿಲ್ಲ. ಅವ್ವನಿಗೆ ನೆನಪೇ ನಿಲ್ಲುವುದಿಲ್ಲವಂತೆ, ಡಾಕ್ಟರಮ್ಮ ಬರೆದುಕೊಟ್ಟಿದ್ದಾರೆ ಎಂದು ನೆಂಟರಿಗೆ ಹೇಳಿದನಂತೆ. ಡಾಕ್ಟರಮ್ಮ ಎಂದರೆ ನಾನು.

ಇದೆಲ್ಲ ತಿಳಿದದ್ದು ತಿಂಗಳುಗಳ ಮೇಲೆ, ಪ್ರಮಾಣಪತ್ರ ತರಲು ಹೋದಾಗ. ಅಷ್ಟರಲ್ಲಿ ಆಶ್ರಮಕ್ಕೆ ಒಬ್ಬ ವೈದ್ಯರು, ಅವರ ಜೊತೆ ಹಿರಿಯ ಕ್ಲಿನಿಕಲ್ ಮನಶ್ಶಾಸ್ತ್ರಜ್ಞೆಯೊಬ್ಬರು ಬರತೊಡಗಿದ್ದರು. ವೈದ್ಯರು ಮೊದಲು ಅಜ್ಜಿಯ ಕಿವಿ ನೋಡಿದರು. ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ ಇರುವುದು ಗೊತ್ತಾಯಿತು. ಆ ಮನಶ್ಶಾಸ್ತ್ರಜ್ಞೆ ಪಕ್ಕದಲ್ಲಿ ಕೂತು ವಿಚಾರಿಸಿದಾಗ, ಆಶ್ರಮಕ್ಕೆ ಬರುವ ಸ್ವಲ್ಪ ದಿನ ಮೊದಲಷ್ಟೇ ಗಂಡ ತೀರಿಕೊಂಡಿದ್ದರು ಎಂಬುದು ಹೊರಬಂತು. ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾನಂತೂ ಮೂವತ್ತು ಅಂಕಕ್ಕೆ ಬೇಕಾದ ಪ್ರಶ್ನೆಗಳ ಹೊರಗೆ ಒಂದನ್ನೂ ಕೇಳಿರಲಿಲ್ಲ. ಅಜ್ಜಿಗಿದ್ದದ್ದು ಖಿನ್ನತೆ. ಇಳಿವಯಸ್ಸಿನ ಖಿನ್ನತೆ ಎಷ್ಟೋ ಸಲ ಮರೆವಿನ ವೇಷದಲ್ಲೇ ಬರುತ್ತದೆ, ಚಿಕಿತ್ಸೆ ಕೊಟ್ಟರೆ ಬಹುಮಟ್ಟಿಗೆ ಇಳಿಯುತ್ತದೆ. ಕಿವಿ ತೆರೆದು, ಮಾತ್ರೆ ಹಿಡಿದ ಮೇಲೆ ಅಜ್ಜಿ ಊಟ ಮಾಡತೊಡಗಿದರು, ಮಾತಾಡತೊಡಗಿದರು.

ಆ ಮನಶ್ಶಾಸ್ತ್ರಜ್ಞೆ ನನ್ನ ಹಾಳೆಯನ್ನು ಫೈಲಿನಿಂದ ತೆಗೆದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲು ಸಾಲಾಗಿ ಓದಿಸಿದರು. ಬೈಯಲಿಲ್ಲ. ಹೋದ ಅಂಕ ಹದಿನೇಳು. ಓದುವುದು, ಬರೆಯುವುದು, ಚಿತ್ರ ನಕಲು ಮಾಡುವುದು, ಇವಕ್ಕೆ ಮೂರು: ಅಕ್ಷರ ಕಲಿಯದವರಿಂದ ಅಕ್ಷರ ಕೇಳಿದ್ದೆ. ನೂರರಿಂದ ಏಳೇಳು ಕಳೆಯುವುದಕ್ಕೆ ಐದು: ಇಷ್ಟು ಕೆ.ಜಿ. ಗೂಡು, ಕೆ.ಜಿ.ಗೆ ಇಷ್ಟು ರೇಟು, ಸೊಪ್ಪಿನ ಸಾಲ ಮುರಿದುಕೊಂಡರೆ ಕೈಗೆಷ್ಟು ಎಂದು ಕೇಳಿದಾಗ ಅದೇ ಅಜ್ಜಿ ಬೆರಳ ಗೆಣ್ಣಿನಲ್ಲಿ ಲೆಕ್ಕ ಹಾಕಿ ಹೇಳಿದ್ದರು. ವರ್ಷ, ತಿಂಗಳು, ತಾರೀಕು, ವಾರಕ್ಕೆ ನಾಲ್ಕು: ಅಮಾವಾಸ್ಯೆ ಕಳೆದು ಮೂರು ದಿನ ಎಂದದ್ದು ಸರಿಯೇ ಇತ್ತು, ಕ್ಯಾಲೆಂಡರ್ ತೆಗೆದು ತೋರಿಸಿದರು. ಜಿಲ್ಲೆ, ಊರು, ಕಟ್ಟಡದ ಹೆಸರಿಗೆ ಮೂರು: ಕಾರಿನಲ್ಲಿ ಕರೆತಂದು ಬಿಟ್ಟವರು ಇದು ಯಾವ ಊರು ಎಂದು ಆಕೆಗೆ ಹೇಳಿರಲೇ ಇಲ್ಲ. ಉಳಿದ ಎರಡು, ಸ್ವಲ್ಪ ಹೊತ್ತಿನ ಮೇಲೆ ನೆನಪಿಸಿಕೊಳ್ಳಬೇಕಾದ ಪದಗಳು. "ಇವೆರಡು ನಿಜವಾಗಿ ಮರೆತಿರಬಹುದು. ಗಂಡ ಸತ್ತ ಎರಡನೇ ತಿಂಗಳಲ್ಲಿ ನೀನಾದರೂ ಮರೆಯುತ್ತೀಯ" ಎಂದರು.

ಅಂಥ ತಪ್ಪು ಆಗದಿರಲೆಂದು ಮಾಡಿದ ಪರೀಕ್ಷೆಗಳು ಆಗಲೇ ನಮ್ಮ ದೇಶದಲ್ಲಿದ್ದವು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ, ಶಾಲೆ ಕಾಣದ ಹಿರಿಯರಿಗಾಗಿ, ಮೇರಿ ಗಂಗೂಲಿ ಮತ್ತು ಸಂಗಡಿಗರು ಇದೇ ಪರೀಕ್ಷೆಯನ್ನು ಹಿಂದಿಯಲ್ಲಿ ಹೊಸದಾಗಿ ಕಟ್ಟಿ 1995ರಲ್ಲಿ ಪ್ರಕಟಿಸಿದ್ದರು. ಅದರಲ್ಲಿ ನೂರರಿಂದ ಏಳರ ಬದಲು ಇಪ್ಪತ್ತರಿಂದ ಮೂರು ಕಳೆಯುತ್ತಾರೆ. ಕಾಗದದಲ್ಲಿ ಬರೆದದ್ದನ್ನು ಓದಿ ಕಣ್ಣು ಮುಚ್ಚುವ ಬದಲು, ಎದುರಿಗಿರುವವರು ಮಾಡಿದಂತೆ ಮಾಡಿ ತೋರಿಸಿದರೆ ಸಾಕು. ನಾನು ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕೂತಿದ್ದರೆ ಸಿಗುತ್ತಿತ್ತು.

ಹುಳದ ಮಾತನ್ನು ಅಸಂಬದ್ಧ ಎಂದು ಬರೆದದ್ದು ಮಾತ್ರ ಈಗಲೂ ಹೆಚ್ಚು ಚುಚ್ಚುತ್ತದೆ. ವಯಸ್ಸಾದವರು ಹಿಂದಿನದನ್ನು ಮತ್ತೆ ಮತ್ತೆ ಹೇಳುವುದು ಬುದ್ಧಿ ಮಂಕಾದ ಲಕ್ಷಣ ಎಂದು ವೈದ್ಯರೇ ನಂಬಿದ್ದ ಕಾಲದಲ್ಲಿ, 1963ರಲ್ಲಿ, ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಅದು ಬಾಳನ್ನು ತಿರುಗಿ ನೋಡಿಕೊಳ್ಳುವ ಕೆಲಸ, ಮನಸ್ಸಿಗೆ ಅಗತ್ಯವಾದ ಕೆಲಸ ಎಂದು ವಾದಿಸಿದ್ದರು. ಜಾತಿ, ಬಣ್ಣದ ತಾರತಮ್ಯದಂತೆ ವಯಸ್ಸಿನ ತಾರತಮ್ಯಕ್ಕೂ ಒಂದು ಹೆಸರಿರಬೇಕೆಂದು 1969ರಲ್ಲಿ ಏಜಿಸಂ ಎಂಬ ಪದ ಕೊಟ್ಟವರೂ ಅವರೇ. ಅಜ್ಜಿ ನನ್ನೆದುರು ಆ ಕೆಲಸವನ್ನೇ ಮಾಡುತ್ತಿದ್ದರು.

ಕ್ಷಮೆ ಕೇಳಲು ಹಿಂದಿನ ಕಟ್ಟಡಕ್ಕೆ ಹೋದೆ. ಗುರುತು ಹಿಡಿದರು. "ಮತ್ತೆ ಬರ್ಕೊಳ್ಳಾಕೆ ಬಂದ್ಯಾ?" ಎಂದರು. ನನ್ನ ಮಾತು ಅರ್ಧಕ್ಕೇ ನಿಂತಿತು, ಅವರು ಗೋಡೆಯ ಕಡೆ ತಿರುಗಿದರು. ಅವರ ಹಳೆಯ ಮಂಚವನ್ನು ಅಷ್ಟರಲ್ಲಿ ಬೇರೆಯವರಿಗೆ ಕೊಟ್ಟಾಗಿತ್ತು. ತೋಟದ ಗುತ್ತಿಗೆಯೂ ಮುಗಿದ ಮಾತು. ಫೈಲಿನಲ್ಲಿ ಹೊಸ ವರದಿ ಬಂತು, ನನ್ನದರ ಮೇಲೆ ಅಡ್ಡಗೆರೆ ಬಿತ್ತು. ಅದರಿಂದ ಆಕೆಗೆ ಹಿಂದಿರುಗಿದ್ದು ಎಲೆಅಡಿಕೆ ಚೀಲ ಮಾತ್ರ.

ಅದಾದ ಮೇಲೆ ನಾನು ಮಾಡಿದ್ದು ಎರಡನೆಯ ತಪ್ಪು: ಹಿರಿಯರ ಕಡೆ ಮುಖ ಹಾಕಲಿಲ್ಲ. ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿ ವರ್ಷಗಳನ್ನು ಕಳೆದೆ. ನನ್ನಿಂದ ಇನ್ನೊಬ್ಬರಿಗೆ ಕೆಡುಕಾಗದಿದ್ದರೆ ಸಾಕು ಎಂಬ ಆ ನಿಲುವು ವಿನಯದಂತೆ ಕಂಡರೂ ಅದು ಹೇಡಿತನ. 2020ರ ಲಾಕ್‌ಡೌನಿನಲ್ಲಿ ಒಂಟಿಯಾಗಿರುವ ಹಿರಿಯರಿಗೆ ಫೋನ್ ಮಾಡಿ ಮಾತಾಡಿಸುವ ಸ್ವಯಂಸೇವಕರು ಬೇಕೆಂದಾಗ, ಬೇರೆ ನೆಪ ಸಿಗದೆ ಸೇರಿದೆ. ಒಂದೊಂದು ಕರೆ ಅರ್ಧ ಗಂಟೆ ದಾಟುತ್ತಿತ್ತು. ಔಷಧಿ ಬಂತಾ ಎಂದು ಕೇಳಿದರೆ ಮೊಮ್ಮಗನ ಮಾತು ಬರುತ್ತಿತ್ತು, ಮೊಮ್ಮಗನಿಂದ ಸತ್ತ ತಮ್ಮನ ಮಾತು. ಈ ಸಲ ತಡೆಯದೆ ಕೇಳಿದೆ. ಆಮೇಲೆ ಬಲ್ಲವರ ಕೈಕೆಳಗೆ ಕೂತು ಈ ಕೆಲಸವನ್ನು ಮೊದಲಿನಿಂದ ಕಲಿತೆ.

ಈಗ ಹೇಳಬೇಕಾದದ್ದು: ಈ ಕ್ಷೇತ್ರದಲ್ಲಿ ಜನವೇ ಇಲ್ಲ. 2011ರ ಜನಗಣತಿಯಲ್ಲೇ ಅರವತ್ತು ದಾಟಿದವರು ಹತ್ತು ಕೋಟಿಗೂ ಮೇಲಿದ್ದರು. 2050ರ ಹೊತ್ತಿಗೆ ದೇಶದಲ್ಲಿ ಐವರಲ್ಲಿ ಒಬ್ಬರು ಅರವತ್ತು ದಾಟಿದವರಾಗಿರುತ್ತಾರೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರ ವರದಿಯಲ್ಲಿ ಹೇಳಿದೆ. ಅದೇ ವರ್ಷ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅರವತ್ತು ದಾಟಿದ ಭಾರತೀಯರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯಾ ಇದೆ ಎಂದು ಅಂದಾಜು ಮಾಡಿದೆ. ಹೆಂಗಸರಲ್ಲಿ, ಹಳ್ಳಿಗಳಲ್ಲಿ, ಶಾಲೆಗೆ ಹೋಗದವರಲ್ಲಿ ಹೆಚ್ಚು. ತಪ್ಪಾಗಿ ಅಳೆಯಲ್ಪಡುವ ಅಪಾಯವೂ ಅವರಿಗೇ ಹೆಚ್ಚು. ಹಾಗಾಗಿ ಅವರ ಮಾತು ಬಲ್ಲ, ಅವರ ಬದುಕು ಬಲ್ಲ ಮನಶ್ಶಾಸ್ತ್ರದ ಮಕ್ಕಳು ಬೇಕು. ಹಳ್ಳಿಯಿಂದ ಬಂದು ಇಂಗ್ಲಿಷ್ ಕಷ್ಟ ಎಂದು ಹಿಂಜರಿಯುವ ವಿದ್ಯಾರ್ಥಿಗಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಊರಿನ ಕನ್ನಡ ಇಲ್ಲಿ ನಿಮ್ಮ ದೊಡ್ಡ ಅರ್ಹತೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳನ್ನೇ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು ವರ್ಷಗಳ ಕಾಲ ಹಿಂಬಾಲಿಸುವ ಗುರಿ ಇಟ್ಟುಕೊಂಡು ಸ್ಯಾನ್ಸ್‌ಕಾಗ್ ಎಂಬ ಅಧ್ಯಯನ ನಡೆಸುತ್ತಿದೆ. ಮುಪ್ಪಿನಲ್ಲಿ ನೆನಪು, ಗಮನ, ಮಾತು ಹೇಗೆ ಬದಲಾಗುತ್ತವೆ ಎಂದು ನೋಡುವ ಕೆಲಸ. ರೈತನೊಬ್ಬನ ಎದುರು ಕೂತು, ಅವನ ಕನ್ನಡದಲ್ಲೋ ತೆಲುಗಿನಲ್ಲೋ ಪರೀಕ್ಷೆಯನ್ನು ಅರ್ಥ ಮಾಡಿಸಿ, ಅವನ ಮುಜುಗರ ಕಳೆದು ನಡೆಸಬಲ್ಲವರಿಲ್ಲದೆ ಅಂಥ ಅಧ್ಯಯನ ಒಂದು ಹೆಜ್ಜೆಯೂ ಮುಂದೆ ಹೋಗದು. ನಿಮ್ಹಾನ್ಸ್‌ನಲ್ಲಿ ಹಿರಿಯರ ಮನೋವೈದ್ಯಕೀಯಕ್ಕೆಂದೇ ಸೇವೆ ಇದೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರ ಜೊತೆ 2002ರಲ್ಲಿ ಶುರು ಮಾಡಿದ ಹಿರಿಯರ ಸಹಾಯವಾಣಿ 1090, ದೇಶಕ್ಕೆಲ್ಲ ಒಂದೇ ಆದ ಎಲ್ಡರ್‌ಲೈನ್ 14567, ಮಾನಸಿಕ ಆರೋಗ್ಯದ ಟೆಲಿಮಾನಸ್ 14416, ಇಲ್ಲೆಲ್ಲ ಫೋನಿನ ಈ ಕಡೆ ಕೂತು ಕೇಳುವ ತರಬೇತಾದ ಕಿವಿ ಬೇಕು. ಮಗ ಹೊಡೆಯುತ್ತಾನೆ ಎಂಬುದನ್ನು ಯಾವ ತಾಯಿಯೂ ಮೊದಲ ವಾಕ್ಯದಲ್ಲಿ ಹೇಳುವುದಿಲ್ಲ. ಮೊಣಕಾಲು ನೋವಿನಿಂದ ಶುರು ಮಾಡುತ್ತಾಳೆ.

ಗುಂಪು ಕಟ್ಟಿ ನಡೆಸುವ ಆಸೆಯಿರುವವರಿಗೆ ಅರಿವಿನ ಉತ್ತೇಜನ ಚಿಕಿತ್ಸೆ ಇದೆ. ಬ್ರಿಟನ್ನಿನಲ್ಲಿ ಏಮಿ ಸ್ಪೆಕ್ಟರ್ ಮತ್ತು ಸಂಗಡಿಗರು ರೂಪಿಸಿ, 2003ರಲ್ಲಿ ಅದರ ಪರಿಣಾಮವನ್ನು ಪ್ರಕಟಿಸಿದರು. ಸೌಮ್ಯದಿಂದ ಮಧ್ಯಮ ಮಟ್ಟದ ಡಿಮೆನ್ಷಿಯಾ ಇರುವ ಕೆಲವರು ವಾರಕ್ಕೆ ಎರಡು ಸಲದಂತೆ ಏಳು ವಾರ, ಹದಿನಾಲ್ಕು ಬೈಠಕ್ಕು ಕೂಡುತ್ತಾರೆ. ಅಡುಗೆ, ಹಾಡು, ಹಳೆಯ ವಸ್ತು, ಸುದ್ದಿ, ಪದಗಳ ಆಟದ ಸುತ್ತ ಮಾತು ನಡೆಯುತ್ತದೆ. ತಪ್ಪು ಸರಿ ಎಂದು ಅಂಕ ಹಾಕುವ ಮಾತಿಲ್ಲ, ಅಭಿಪ್ರಾಯ ಕೇಳುತ್ತಾರೆ. ಚೆನ್ನೈನಲ್ಲಿ ಇದನ್ನು ತಮಿಳಿಗೆ, ಅಲ್ಲಿನ ಬದುಕಿಗೆ ಹೊಂದಿಸಿ ನೋಡಿದ್ದಾರೆ. ನಮ್ಮಲ್ಲಿ ಸೋಬಾನೆ ಪದ, ಗಾದೆ, ಒಗಟು, ಚೌಕಾಬಾರ, ಅಳಗುಳಿಮಣೆ ಇಟ್ಟುಕೊಂಡು ಎಂಥ ಬೈಠಕ್ಕು ಕಟ್ಟಬಹುದು ಎಂದು ಯೋಚಿಸಿದರೆ ನನಗೆ ನಿದ್ದೆ ಹಾರುತ್ತದೆ. ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿಯ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುತ್ತಿಲ್ಲ.

ಆರೈಕೆ ಮಾಡುವವರ ಕಡೆಗೂ ನೋಡಿ. ಡಿಮೆನ್ಷಿಯಾ ಇರುವ ಅತ್ತೆಯನ್ನು ರಾತ್ರಿ ಹಗಲು ನೋಡಿಕೊಳ್ಳುವ ಸೊಸೆಗೆ ನಮ್ಮ ಊರುಗಳಲ್ಲಿ ಮಾತಾಡಿಕೊಳ್ಳಲು ಯಾರೂ ಇಲ್ಲ. ಅಂಥವರ ಹತ್ತು ಜನರ ಒಂದು ಗುಂಪನ್ನು ತಿಂಗಳಿಗೊಮ್ಮೆ ಕೂಡಿಸುವುದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಕಾನೂನಿನಲ್ಲಿ ಆಸಕ್ತಿಯಿದ್ದರೆ, 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಬರುವ ತಕರಾರುಗಳಲ್ಲಿ ಎಷ್ಟು ಆಸ್ತಿಯದು, ಎಷ್ಟು ಮನಸ್ಸಿನದು ಎಂಬುದೇ ಅಧ್ಯಯನಕ್ಕೆ ಅರ್ಹ.

ಬರುವವರು ಕೆಲವನ್ನು ಕಲಿತೇ ಬರಬೇಕು. ಕಿವಿ, ಕಣ್ಣು ಮೊದಲು. ಕಿವಿ ಕೇಳದಿರುವುದು ಡಿಮೆನ್ಷಿಯಾದ ತಡೆಯಬಹುದಾದ ಕಾರಣಗಳಲ್ಲಿ ಮುಖ್ಯವಾದದ್ದು ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಮತ್ತೆ ಮತ್ತೆ ಹೇಳಿದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥದ್ದು ಇರುವ ನಾಡಿನಲ್ಲಿ ಕಿವಿ ಪರೀಕ್ಷಿಸದೆ ನೆನಪು ಪರೀಕ್ಷಿಸುವುದಕ್ಕೆ ಕ್ಷಮೆ ಇಲ್ಲ. ಒಂದೆರಡು ದಿನದಲ್ಲಿ ಧುತ್ತೆಂದು ಬಂದ ಗೊಂದಲ ಮರೆವಿನ ಕಾಯಿಲೆಯಲ್ಲ. ಮೂತ್ರದ ಸೋಂಕೋ ಹೊಸ ಮಾತ್ರೆಯೋ ಕಾರಣವಿರಬಹುದು, ಅಂದೇ ವೈದ್ಯರ ಹತ್ತಿರ ಕಳಿಸಬೇಕು. ಥೈರಾಯ್ಡ್, ಬಿ12, ಖಿನ್ನತೆ ನೋಡದೆ ಡಿಮೆನ್ಷಿಯಾ ಎನ್ನಬಾರದು. ಇನ್ನೊಂದು: ಎಂ.ಎಸ್ಸಿ. ಪದವಿಯೊಂದೇ ಯಾರಿಗೂ ರೋಗದ ಹೆಸರು ಬರೆದುಕೊಡುವ ಅಧಿಕಾರ ಕೊಡುವುದಿಲ್ಲ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಾಗಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ, ಅಲ್ಲಿ ನೋಂದಣಿ ಬೇಕು. ಆ ದಾರಿ ಉದ್ದ, ಸೀಟು ಕಡಿಮೆ. ಆದರೂ ಹಿರಿಯರಿಗಾಗಿ ಆ ದಾರಿ ಹಿಡಿಯುವವರು ಬೇಕು.

ಈ ಬೇಸಿಗೆಯಲ್ಲಿ ನಿಮ್ಮ ಊರಿನ ವೃದ್ಧಾಶ್ರಮಕ್ಕೋ, ಹಗಲು ಆರೈಕೆ ಕೇಂದ್ರಕ್ಕೋ, ಜಿಲ್ಲಾ ಆಸ್ಪತ್ರೆಯ ಹಿರಿಯರ ವಿಭಾಗಕ್ಕೋ ಅರ್ಜಿ ಹಾಕಿ. ಒಪ್ಪಿಕೊಳ್ಳುವ ಮೊದಲು, ನನ್ನ ಕೆಲಸವನ್ನು ವಾರವಾರ ಕೂತು ನೋಡುವ ತರಬೇತಾದ ಮನಶ್ಶಾಸ್ತ್ರಜ್ಞರು ಯಾರು ಎಂದು ಕೇಳಿ. ಹೆಸರು ಹೇಳಿದರೆ ಸೇರಿಕೊಳ್ಳಿ. ಯಾರೂ ಇಲ್ಲ, ಎಲ್ಲ ನೀವೇ ಎಂದರೆ, ಆಗಲೂ ಹೋಗಿ. ಆದರೆ ಪರೀಕ್ಷೆಯ ಹಾಳೆಗಳನ್ನು ಮನೆಯಲ್ಲಿ ಬಿಟ್ಟು ಹೋಗಿ, ಪಕ್ಕದಲ್ಲಿ ಕೂತು ಕೇಳಿ, ಯಾರ ಬಗ್ಗೆಯೂ ಒಂದು ಸಾಲು ವರದಿ ಬರೆಯಬೇಡಿ.